ಮರದ ನೆತ್ತಿಗೆ ಕ್ರೇನು ಏರಿದ ಕತೆ

ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಸುತ್ತ ಹೊಲದ ಬದುವಿನಲ್ಲಿ ಉಳಿದಿರುವ ಮರಗಳನ್ನು ಗಮನಿಸಿ: ಜಾಲಿ, ತುಗ್ಗಲಿ, ಬೇವು, ಹುಣಸೆ. ಎಲ್ಲವೂ ಸಣ್ಣ ಎಲೆಯ ಮರಗಳೇ. ಹುಣಸೆಯ ಒಂದು ಎಲೆಯನ್ನು ಕಿತ್ತು ನೋಡಿದರೆ ನಡುಕಡ್ಡಿಯ ಎರಡೂ ಬದಿಗೆ ಹತ್ತಾರು ಜೋಡಿ ಕಿರುಎಲೆಗಳಿರುತ್ತವೆ. ಸಂಜೆಯಾದರೆ ಅವು ಮಡಚಿಕೊಳ್ಳುತ್ತವೆ. ಪ್ರತಿ ಕಿರುಎಲೆಯ ಬುಡದ ಗಂಟಿನಲ್ಲಿರುವ ಜೀವಕೋಶಗಳು ನೀರು ಬಿಟ್ಟುಕೊಟ್ಟು ಸಡಿಲವಾಗುವುದೇ ಇದಕ್ಕೆ ಕಾರಣ. ಬೆಳಗ್ಗೆ ನೀರು ತುಂಬಿಕೊಂಡರೆ ಎಲೆ ಮತ್ತೆ ಬಿಚ್ಚಿಕೊಳ್ಳುತ್ತದೆ.

ಎಲೆ ಇಷ್ಟು ಸಣ್ಣದಾಗಿದ್ದರೆ ಮರಕ್ಕೇನು ಲಾಭ? ಪ್ರತಿ ಎಲೆಯ ಮೈಗೂ ಅಲುಗಾಡದ ಗಾಳಿಯ ತೆಳುಪದರವೊಂದು ಅಂಟಿಕೊಂಡಿರುತ್ತದೆ. ಎಲೆ ಅಗಲವಾದಷ್ಟೂ ಈ ಪದರ ದಪ್ಪ, ಒಳಗಿನ ಶಾಖ ಹೊರಬೀಳುವುದು ಕಷ್ಟ. ಆಗ ತಂಪಾಗಲು ಉಳಿಯುವ ದಾರಿ ನೀರನ್ನು ಆವಿಯಾಗಿಸುವುದೊಂದೇ. ನೀರಿಲ್ಲದ ಸೀಮೆಯಲ್ಲಿ ಅದು ದುಬಾರಿ. ಕಿರುಎಲೆಯಾದರೆ ಬೀಸುವ ಗಾಳಿಯೇ ಶಾಖವನ್ನು ಒಯ್ಯುತ್ತದೆ. ಗುಡ್ಡಗುಡ್ಡದ ಮೇಲೂ ಗಾಳಿಯಂತ್ರ ತಿರುಗುವ ಚಿತ್ರದುರ್ಗದಂಥ ಕಡೆ ಗಾಳಿಗೆ ಬರವಿಲ್ಲ. ಅಗಲ ಎಲೆಯ ಮುತ್ತುಗ ಬೇರೆ ಉಪಾಯ ಮಾಡಿಕೊಂಡಿದೆ: ಬೇಸಿಗೆ ಹತ್ತಿರವಾಗುತ್ತಲೇ ಎಲೆಯನ್ನೆಲ್ಲ ಉದುರಿಸಿ, ಬರಿಕೊಂಬೆಯಲ್ಲಿ ಹೂ ಬಿಡುತ್ತದೆ.

ಎಲೆಗಳ ಈ ಬದುಕೆಲ್ಲ ನಡೆಯುವುದು ಮರದ ನೆತ್ತಿಯಲ್ಲಿ. ಆದರೂ ಕಾಡಿನ ಎಲೆಹಂದರವನ್ನು, ಅಂದರೆ ಮರಗಳ ನೆತ್ತಿಗಳು ಸೇರಿ ಆಗುವ ಮೇಲಿನ ಪದರವನ್ನು, ವಿಜ್ಞಾನಿಗಳು ಬಹುಕಾಲ ನೆಲದ ಮೇಲೆ ನಿಂತೇ ಅಳೆಯುತ್ತಿದ್ದರು. ಬಿದ್ದ ಎಲೆ, ಬಿದ್ದ ಹೂ, ದುರ್ಬೀನಿಗೆ ಸಿಕ್ಕ ಹಕ್ಕಿ ಇಷ್ಟೇ ಆಧಾರ. ಬಿಸಿಲು ಅನ್ನವಾಗುವುದು, ಮಳೆಯ ಮೊದಲ ಹನಿ ಬೀಳುವುದು, ಹೂವಿಗೆ ಜೇನು ಬರುವುದು ಎಲ್ಲವೂ ಮೇಲೆ ನಡೆಯುತ್ತಿತ್ತು. 1970ರ ದಶಕದಲ್ಲಿ ಬೆಟ್ಟ ಹತ್ತುವವರ ಹಗ್ಗ, ಕೊಕ್ಕೆಗಳನ್ನು ಎರವಲು ಪಡೆದು ಕೆಲವರು ಮಳೆಕಾಡಿನ ಮರ ಏರಿದರು. ಹಾಗೆ ಏರಿದವರಲ್ಲಿ ಭಾರತ ಮೂಲದ ತಂದೆಯ ಮಗಳು, ಅಮೆರಿಕದ ನಳಿನಿ ನಾಡಕರ್ಣಿ ಒಬ್ಬರು. ಕೊಂಬೆಗಳ ಮೇಲೆ ದಪ್ಪಗೆ ಬೆಳೆದ ಪಾಚಿಯ ಹಾಸನ್ನು ಅವರು ಸರಿಸಿ ನೋಡಿದಾಗ, ಮರ ತನ್ನ ಕೊಂಬೆಯಿಂದಲೇ ಬೇರು ಬಿಟ್ಟು ಆ ಪಾಚಿಯೊಳಗಿನ ಮಣ್ಣಿನಿಂದ ಸಾರ ಹೀರುತ್ತಿತ್ತು. ಬೇರು ನೆಲದಲ್ಲೇ ಇರಬೇಕೆಂಬ ನಂಬಿಕೆಯನ್ನು ಅಲುಗಿಸಿದ ಈ ಸಂಶೋಧನೆ 1981ರಲ್ಲಿ ಪ್ರಕಟವಾಯಿತು.

ಮರುವರ್ಷವೇ ಟೆರಿ ಅರ್ವಿನ್ ಎಂಬ ಕೀಟವಿಜ್ಞಾನಿ ಪನಾಮಾದ ಒಂದೇ ಜಾತಿಯ 19 ಮರಗಳ ನೆತ್ತಿಗೆ ಕೀಟನಾಶಕದ ಹೊಗೆ ಹಾಯಿಸಿ ಕೆಳಗೆ ಬಿದ್ದ ದುಂಬಿಗಳನ್ನು ಎಣಿಸಿದ ಲೆಕ್ಕ ಹೊರಬಂತು. ಸುಮಾರು 1,200 ಪ್ರಭೇದಗಳು! ಅದರ ಆಧಾರದಲ್ಲಿ ಉಷ್ಣವಲಯದಲ್ಲಿ ಕೀಟ, ಜೇಡಗಳಂಥ ಸಂಧಿಪದಿಗಳ 3 ಕೋಟಿ ಪ್ರಭೇದಗಳಿರಬಹುದೆಂದು ಅವರು ಅಂದಾಜಿಸಿದರು. ಈಗಿನ ಅಂದಾಜುಗಳು ಅದಕ್ಕಿಂತ ಬಹಳ ಕಡಿಮೆ, 70 ಲಕ್ಷದ ಆಸುಪಾಸು. ಆದರೂ ಅರ್ವಿನ್ ಅವರ ಲೆಕ್ಕ ಜಗತ್ತಿನ ಕಣ್ಣನ್ನು ಮೇಲಕ್ಕೆ ತಿರುಗಿಸಿತು.

ಹಗ್ಗಕ್ಕೊಂದು ಮಿತಿಯಿದೆ. ಗಟ್ಟಿ ಕೊಂಬೆಯವರೆಗೆ ಮಾತ್ರ ಹೋಗಬಹುದು. ಬಿಸಿಲು ನೇರ ತಾಗುವ ತುದಿರೆಂಬೆ ಮನುಷ್ಯನ ಭಾರ ತಡೆಯುವುದಿಲ್ಲ. 1990ರಲ್ಲಿ ಅಲನ್ ಸ್ಮಿತ್ ಎಂಬ ಸಸ್ಯವಿಜ್ಞಾನಿ ಪನಾಮಾದ ಕಾಡಿನ ನಡುವೆ ಬಹುಮಹಡಿ ಕಟ್ಟಡಕ್ಕೆ ಬಳಸುವ ಗೋಪುರ ಕ್ರೇನನ್ನೇ ನಿಲ್ಲಿಸಿದರು. ಇಟ್ಟಿಗೆ, ಕಬ್ಬಿಣ ಎತ್ತುವ ಕೊಕ್ಕೆಗೆ ತೊಟ್ಟಿಲಿನಂಥ ಪಂಜರ ಕಟ್ಟಿ, ಅದರಲ್ಲಿ ವಿಜ್ಞಾನಿಗಳನ್ನು ಕೂರಿಸಿದರು. ಕ್ರೇನಿನ ತೋಳು ಸುತ್ತಲೂ ತಿರುಗುತ್ತದೆ, ಪಂಜರ ತೋಳಿನುದ್ದಕ್ಕೂ ಸರಿಯುತ್ತದೆ, ಏರಿಳಿಯುತ್ತದೆ. ಹೀಗಾಗಿ ಅದೇ ಎಲೆಯ ಬಳಿಗೆ ಬೆಳಗ್ಗೆ, ಮಧ್ಯಾಹ್ನ, ಮುಂದಿನ ವರ್ಷವೂ ಹೋಗಿ ಉಸಿರಾಟ, ಬಿಸಿ, ಕೀಟ ತಿಂದ ತೂತು ಎಲ್ಲವನ್ನೂ ಅಳೆಯಬಹುದಾಯಿತು. ಒಂದೇ ಮರದಲ್ಲಿ ತುದಿಯ ಎಲೆ ಚಿಕ್ಕದು, ದಪ್ಪ. ಒಳನೆರಳಿನ ಎಲೆ ಅಗಲ, ತೆಳು. ಅವುಗಳ ದುಡಿಮೆಯಲ್ಲೂ ಅಷ್ಟೇ ವ್ಯತ್ಯಾಸ.

ಈಗ ಆಕಾಶದಿಂದಲೂ ಅಳೆಯುತ್ತಾರೆ. 2018ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಎರಡು ಉಪಕರಣಗಳು ಹೋದವು. ಒಂದು ಲೇಸರ್ ಬೆಳಕು ಹಾಯಿಸಿ ಕಾಡಿನ ಎತ್ತರ, ಎಲೆಗಳ ಪದರ ಅಳೆಯುತ್ತದೆ. ಇನ್ನೊಂದು ನೆತ್ತಿಯ ಬಿಸಿ. 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಈ ಎರಡನೆಯದರ ಮಾಹಿತಿಯನ್ನು ಬಳಸಿತು. ಸುಮಾರು 46.7 ಡಿಗ್ರಿ ಸೆಲ್ಸಿಯಸ್ ದಾಟಿದರೆ ಉಷ್ಣವಲಯದ ಎಲೆಗಳಲ್ಲಿ ಬಿಸಿಲನ್ನು ಅನ್ನವಾಗಿಸುವ ವ್ಯವಸ್ಥೆ ಕೆಡತೊಡಗುತ್ತದೆ. ಈಗಾಗಲೇ ಪ್ರತಿ ಹತ್ತು ಸಾವಿರ ಎಲೆಗಳಲ್ಲಿ ಒಂದು ಆ ಗಡಿಯನ್ನು ದಾಟುತ್ತಿದೆ. ಕಡಿಮೆ ಅನ್ನಿಸಬಹುದು, ಆದರೆ ಬಿಸಿಲು ಏರಿದಂತೆ ಈ ಲೆಕ್ಕ ಬಲುಬೇಗ ಏರುತ್ತದೆಂಬುದೇ ಆತಂಕ.

ನಮ್ಮಲ್ಲೂ ಈ ಕೆಲಸ ನಡೆದಿದೆ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಟಿ. ಗಣೇಶ್ ಮತ್ತು ಸೌಭದ್ರಾ ದೇವಿ ಪಶ್ಚಿಮಘಟ್ಟದ ತೆಂಕಣ ತುದಿಯ ಕಳಕ್ಕಾಡು ಕಾಡಿನಲ್ಲಿ ಮರ ಏರಿ, ಯಾವ ಹೂವಿಗೆ ಯಾವ ಪ್ರಾಣಿ ಬರುತ್ತದೆಂದು ಕಾದು ಕೂತು ದಾಖಲಿಸಿದರು. ಎಲೆಹಂದರ ಸಂಶೋಧಕರ ಐದನೆಯ ಅಂತರರಾಷ್ಟ್ರೀಯ ಸಮ್ಮೇಳನ 2009ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲೇ ನಡೆಯಿತು. ಆದರೆ ಈ ಸಂಶೋಧನೆಯ ಬಹುಪಾಲು ಮಳೆಕಾಡಿನದು. ಚಿತ್ರದುರ್ಗದ ಜೋಗಿಮಟ್ಟಿಯಂಥ ಒಣ ಕುರುಚಲು ಕಾಡಿನ ನೆತ್ತಿಗೂ ಅಷ್ಟೇ ಗಮನ ಸಲ್ಲಬೇಕು.

ಮಳೆಕಾಡಿಗೂ ಬಯಲುಸೀಮೆಗೂ ನಂಟಿದೆ. ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹರಿದು ಬರುವ ವೇದಾವತಿ ಹುಟ್ಟುವುದು ಬಾಬಾಬುಡನ್ ಗಿರಿಯಲ್ಲಿ. ಅಲ್ಲಿಯ ಶೋಲಾ ಕಾಡಿನ ಎಲೆ, ಪಾಚಿಗಳಿಗೆ ಮಂಜಿನ ಹನಿ ತಾಗಿ, ಕೂಡಿಕೊಂಡು ನೆಲಕ್ಕೆ ತೊಟ್ಟಿಕ್ಕುತ್ತದೆ. ಜಡಿಮಳೆಯ ಏಟನ್ನು ಎಲೆಗಳೇ ತಡೆಯುವುದರಿಂದ ಮಣ್ಣು ಕೊಚ್ಚಿಹೋಗದೆ ನೀರು ಇಂಗುತ್ತದೆ. ಭರಮಸಾಗರದ ಕೆರೆಗೆ ಏತ ನೀರಾವರಿಯಲ್ಲಿ ಬರುವ ತುಂಗಭದ್ರೆಯ ನೀರೂ ಘಟ್ಟದ್ದೇ. ಆ ಕಾಡಿನ ನೆತ್ತಿ ಬೋಳಾದರೆ ನಷ್ಟ ಮಲೆನಾಡಿನವರಿಗಷ್ಟೇ ಅಲ್ಲ.

ಈ ಸೀಮೆಯ ಶಾಲೆಗಳ ಮೇಷ್ಟ್ರುಗಳಲ್ಲಿ ಒಂದು ಬಿನ್ನಹ. ಈ ಮುಂಗಾರಿನಲ್ಲಿ ಒಂದೇ ಅಳತೆಯ ಎರಡು ಡಬ್ಬಿಗಳನ್ನು, ಒಂದನ್ನು ಹುಣಸೆಮರದ ಕೆಳಗೆ, ಇನ್ನೊಂದನ್ನು ಬಯಲಿನಲ್ಲಿ ಇಡಿಸಿ. ಪ್ರತಿ ಮಳೆಯ ನಂತರ ಎರಡರಲ್ಲೂ ನೀರೆಷ್ಟು ನಿಂತಿದೆಯೆಂದು ಮಕ್ಕಳಿಂದ ಅಳೆಸಿ, ಒಂದು ಪುಸ್ತಕದಲ್ಲಿ ಬರೆಸಿ. ತುಂತುರಿಗೂ ಜಡಿಮಳೆಗೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. ಆ ಪುಸ್ತಕವನ್ನು ಮುಂದಿನ ತರಗತಿಯವರಿಗೆ ದಾಟಿಸಿ. ಲೆಕ್ಕ ಬೆಳೆದಷ್ಟೂ ಬೆಲೆ ಹೆಚ್ಚು.