ಕಾವಲುಗಾರನ ಭಾಷೆ

1985ರಲ್ಲಿ ವಿದ್ಯುತ್ತನ್ನು ನೀಡತೊಡಗಿದ ಶಾಖೋತ್ಪನ್ನ ಕೇಂದ್ರವನ್ನು ಆಶ್ರಯಿಸಿ, ರಾಯಚೂರಿನ ಬಳಿ ಬೆಳೆದ ಊರು ಶಕ್ತಿನಗರ. ಅಲ್ಲಿಯ ಒಂದು ವ್ಯಾಪಾರದ ಕಚೇರಿಯನ್ನು ಊಹಿಸಿಕೊಳ್ಳೋಣ. ಗುಮಾಸ್ತನ ಗಣಕಯಂತ್ರದಲ್ಲಿರುವ ರಕ್ಷಣಾ ತಂತ್ರಾಂಶವು ಅಪಾಯಕಾರಿಯಾದ ಕಡತವೊಂದನ್ನು ಕಂಡು ಇಂಗ್ಲಿಷಿನಲ್ಲಿ ಎಚ್ಚರಿಸುತ್ತದೆ. ಕನ್ನಡವನ್ನು ಮಾತ್ರ ಬಲ್ಲ ಆತನು ಅರ್ಥವಾಗದೆ ಅದಕ್ಕೆ ಅನುಮತಿಯಿತ್ತರೆ, ಕಾವಲಿದ್ದೂ ಕಳ್ಳನು ಒಳಹೊಕ್ಕಂತೆಯೇ ಸರಿ.

ಭಾಷೆಯನ್ನು ಬದಲಿಸಿದರೆ ಕಾವಲು ಸಡಿಲವಾಗದೆ? ಆಗದು. ಇಂಥ ತಂತ್ರಾಂಶದಲ್ಲಿ ಪರೀಕ್ಷಿಸುವ ಭಾಗವೇ ಬೇರೆ, ತಿಳಿಸುವ ಭಾಗವೇ ಬೇರೆ. ಮೊದಲನೆಯದು ಅಪಾಯದ ಗುರುತುಸಂಖ್ಯೆಯನ್ನು ಕೊಡುತ್ತದೆ; ಎರಡನೆಯದು ನಾವು ಆರಿಸಿದ ಭಾಷೆಯ ಪಟ್ಟಿಯಿಂದ ಆ ಸಂಖ್ಯೆಗೆ ತಕ್ಕ ವಾಕ್ಯವನ್ನು ತೆಗೆದು ತೋರಿಸುತ್ತದೆ. ಆದುದರಿಂದ ಒಂದೇ ಎಚ್ಚರಿಕೆಯನ್ನು ಗುಮಾಸ್ತನು ಕನ್ನಡದಲ್ಲಿಯೂ ದೂರದ ಮೇಲ್ವಿಚಾರಕನು ಇಂಗ್ಲಿಷಿನಲ್ಲಿಯೂ ಓದಬಹುದು.

ಲಿಪಿಯ ತೊಡಕೂ ಇಲ್ಲ. 1991ರ ಯೂನಿಕೋಡ್ ಸಂಕೇತದಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾದುವು. ಅದರಲ್ಲಿ 'ಕ' ಅಕ್ಷರದ ಸಂಖ್ಯೆ 3221. ಉಳಿದಿರುವುದು ವಾಕ್ಯಗಳ ಪಟ್ಟಿ. ಅದರಲ್ಲಿ ಕನ್ನಡದ ವಾಕ್ಯವಿಲ್ಲದಿದ್ದರೆ ಸಾಮಾನ್ಯವಾಗಿ ಇಂಗ್ಲಿಷೇ ಮರಳಿ ಕಾಣಿಸಿಕೊಳ್ಳುತ್ತದೆ. ಅದನ್ನು ಗುಮಾಸ್ತನಿಗೂ ತಿಳಿಯುವ ಕನ್ನಡದಲ್ಲಿ ತುಂಬಿಕೊಡುವ ಕೆಲಸ ನಮ್ಮದು.