ಮಣ್ಣು ಹುಡುಕುವ ಮರಿ

ಮುಧೋಳದ ಹತ್ತಿರದ ತೋಟದ ಮನೆಯೊಂದರಲ್ಲಿ ನಾಯಿ ಮರಿ ಹಾಕಿದೆ ಎಂದು ಗೆಳೆಯರು ಕರೆದುಕೊಂಡು ಹೋದರು. ನೋಡಲು ಹೋದದ್ದು ಮುಧೋಳ ತಳಿಯ ನೀಳ ಮೈಕಟ್ಟನ್ನು. ಮೈಮರೆತು ನೋಡುತ್ತ ನಿಂತದ್ದು ಮರಿಗಳು ಉಚ್ಚೆ ಹೊಯ್ಯುವುದನ್ನು! ತಿಂಗಳು ದಾಟಿದ ಮರಿಗಳು ಗೋಣಿತಟ್ಟಿನಿಂದ ಎದ್ದು, ತೂರಾಡುತ್ತ ಹೊಸ್ತಿಲು ಇಳಿದು, ಕರಿಮಣ್ಣು ಕಾಲಿಗೆ ತಾಕಿದ್ದೇ ಕುಳಿತವು. ತಟ್ಟು ಒಣಗಿಯೇ ಇತ್ತು. ಯಾರು ಕಲಿಸಿದರು ಎಂದರೆ ಯಜಮಾನರು ನಕ್ಕರು: "ನಾವೇನ್ ಕಲಸೂದೈತ್ರಿ? ಅವರವ್ವ ಕಲಸ್ಯಾಳ."

ಮಾತು ನಿಜ. ಹುಟ್ಟಿದ ಮರಿಗೆ ತಾನಾಗಿ ಉಚ್ಚೆ ಹೊಯ್ಯಲೂ ಬಾರದು. ಎರಡು-ಮೂರು ವಾರ ತಾಯಿಯೇ ನೆಕ್ಕಿ ಹೊಯ್ಯಿಸಿ, ಅದನ್ನೂ ತಾನೇ ನೆಕ್ಕಿ ಹಾಸು ಒಣಗಿಸುತ್ತದೆ. ಕಾಲು ಬಲಿತ ಮರಿ ಮಲಗುವ ಜಾಗ ಬಿಟ್ಟು ಆಚೆ ಹೋಗುತ್ತದೆ. ಆಮೇಲಿನದು ಇನ್ನೂ ಸೋಜಿಗ. ಏಳೆಂಟು ವಾರದ ಹೊತ್ತಿಗೆ ಅದು ಪಾದಕ್ಕೆ ರೂಢಿಯಾದ ನೆಲವನ್ನೇ ಹುಡುಕತೊಡಗುತ್ತದೆ. ಮಣ್ಣಿನಲ್ಲಿ ಬೆಳೆದದ್ದಕ್ಕೆ ಮಣ್ಣು, ಪೇಪರ್ ಮೇಲೆ ಬೆಳೆದದ್ದಕ್ಕೆ ಪೇಪರ್.

ಬೆಂಗಳೂರಿನ ಫ್ಲ್ಯಾಟುಗಳ ಗೋಳು ನನಗೆ ಅರ್ಥವಾದದ್ದು ಆಗ. ತೋಟದ ಮರಿಯನ್ನು ತಂದು ನುಣುಪು ಟೈಲ್ಸ್ ಮೇಲೆ ಬಿಟ್ಟರೆ ಅದು ಮನೆಯೆಲ್ಲ ಮೂಸಿ, ಕಾಲಿಗೆ ಮೆತ್ತಗಾಗುವ ಒಂದೇ ಜಾಗವನ್ನು ಆರಿಸುತ್ತದೆ: ಕಾರ್ಪೆಟ್, ಇಲ್ಲವೇ ಕಾಲೊರಸು. ನಾವು ಅದಕ್ಕೆ ಹಟಮಾರಿ ಎಂದು ಹೆಸರಿಡುತ್ತೇವೆ. ನನಗಂತೂ ಆ ಆಯ್ಕೆಯ ಮೇಲೆ ಗೌರವ. ಬಾಲ್ಕನಿಯಲ್ಲಿ ಒಂದು ಟ್ರೇ ಮಣ್ಣಿಟ್ಟರೆ ಅರ್ಧ ಜಗಳ ಮುಗಿಯುತ್ತದೆ. ಬೀದಿನಾಯಿ ಓಡಾಡದ ಕಡೆಯ ಮಣ್ಣಾಗಿರಲಿ. ನಾಯಿಮರಿಗಳಿಗೆ ರೋಗ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲದು. ತುಳಸಿಯ ಕುಂಡ ಮಾತ್ರ ಎತ್ತರದಲ್ಲಿರಲಿ.

ಉಳಿದದ್ದು ಹೊತ್ತು ನೋಡುವ ಕೆಲಸ. ಎದ್ದ ಕೂಡಲೇ, ಉಂಡ ಮೇಲೆ, ಆಡಿ ಮುಗಿದೊಡನೆ ಎತ್ತಿಕೊಂಡು ಹೋಗಿ ಅಲ್ಲಿ ಬಿಡಿ. ಮಾಡಿದ ಕ್ಷಣವೇ ಚೂರು ತಿನಿಸು ಕೊಡಿ. ಎರಡು ತಿಂಗಳ ಮರಿ ಹಗಲಲ್ಲಿ ಎರಡು-ಮೂರು ಗಂಟೆಗಿಂತ ಹೆಚ್ಚು ತಡೆಯಲಾರದು. ತಪ್ಪಿದಲ್ಲಿ ಮೂತಿ ಉಜ್ಜಿ ಎಂದು ಹೇಳುವ ಹಿರಿಯರು ಪ್ರತಿ ಓಣಿಯಲ್ಲೂ ಇದ್ದಾರೆ. ಅದರಿಂದ ಮರಿ ಕಲಿಯುವುದು ಒಂದೇ, ಇವರ ಕಣ್ಣೆದುರು ಮಾಡಬಾರದು ಎಂಬುದನ್ನು. ಮರುದಿನ ಸೋಫಾದ ಹಿಂದೆ ನೋಡಿಕೊಳ್ಳಿ.

ಕಚ್ಚಾಟವೂ ಅವ್ವನ ಶಾಲೆಯದೇ. ಆ ತೋಟದ ಮನೆಯ ಅಂಗಳದಲ್ಲೇ ಒಂದು ಮರಿ ಇನ್ನೊಂದರ ಕಿವಿಯನ್ನು ಜೋರಾಗಿ ಹಿಡಿಯಿತು. ಕಚ್ಚಿಸಿಕೊಂಡದ್ದು ಕುಂಯ್ಯೆಂದು ಚೀರಿ ಆಟ ಬಿಟ್ಟು ನಡೆಯಿತು. ಕಚ್ಚಿದ್ದು ಪೆಚ್ಚಾಗಿ ನಿಂತು, ಮತ್ತೆ ಹೋಗಿ ಈ ಸಲ ಮೆಲ್ಲಗೆ ಹಿಡಿಯಿತು. ಹಲ್ಲು ಎಷ್ಟು ಬಿಗಿಯಬಹುದೆಂಬ ಪಾಠ ಅಷ್ಟೇ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು ಕೇಂದ್ರದ 2017ರ ನಿಯಮ ಹೇಳುತ್ತದೆ. ಆದರೂ ಕಣ್ಣು ಬಿಟ್ಟ ಸ್ವಲ್ಪ ದಿನಕ್ಕೇ ಮರಿ ಕೈಬದಲಾಗುವುದು ನಿಂತಿಲ್ಲ. ಅಂಥ ಮರಿ ಉಳಿದ ಪಾಠವನ್ನು ನಮ್ಮ ಕೈಮೇಲೆ ಓದುತ್ತದೆ.

ಆಗ ಮಾಡಬೇಕಾದ್ದು ಕಿವಿ ಕಚ್ಚಿಸಿಕೊಂಡ ಮರಿ ಮಾಡಿದ್ದನ್ನೇ: ಆಟ ನಿಲ್ಲಿಸಿ ಎದ್ದು ಹೋಗುವುದು. ಅರ್ಧ ನಿಮಿಷ ಸಾಕು. ಮರಳಿ ಬಂದಾಗ ಬೆರಳಿನ ಬದಲು ಆಟಿಕೆ ಕೊಡಿ. ಮೂತಿಗೆ ಹೊಡೆದರೆ ಆಟವೆಂದುಕೊಳ್ಳುತ್ತದೆ, ಇಲ್ಲವೇ ಕೈ ಕಂಡರೆ ಹೆದರುತ್ತದೆ. ಮಕ್ಕಳು ಕಿರುಚಿ ಓಡುವುದಂತೂ ಬೇಡ. ಮುಧೋಳದ ಘೋರ್ಪಡೆ ಅರಸರು ಬೇಟೆಗೆಂದು ಬೆಳೆಸಿದ, 2005ರಲ್ಲಿ ಅಂಚೆಚೀಟಿಗೇರಿದ, ಸೇನೆಯೂ ಒಯ್ದು ಪರೀಕ್ಷಿಸಿದ ತಳಿಯಿದು. ಎದುರಿಗೆ ಏನಾದರೂ ಓಡಿದರೆ ಅದರ ಕಾಲು ನಿಂತೀತೇ?

ನಾಲ್ಕು ತಿಂಗಳ ಸುಮಾರಿಗೆ 28 ಹಾಲುಹಲ್ಲುಗಳು ಉದುರತೊಡಗಿ, ಏಳು ತಿಂಗಳೊಳಗೆ 42 ಹೊಸ ಹಲ್ಲು ಬರುತ್ತವೆ. ಆ ನಡುವೆ ವಸಡು ಕಡಿಯುವುದರಿಂದ ಚಪ್ಪಲಿ, ಕುರ್ಚಿಕಾಲು ಯಾವುದೂ ಉಳಿಯದು. ಒದ್ದೆ ಬಟ್ಟೆ ಗಂಟುಹಾಕಿ ಫ್ರೀಜರಿನಲ್ಲಿಟ್ಟು, ಕಣ್ಣೆದುರೇ ಅಗಿಯಲು ಕೊಟ್ಟರೆ ಹಾಯೆನಿಸುತ್ತದೆ. ಆಟದ ಕಡಿತವೇ ಆದರೂ ರಕ್ತ ಬಂದರೆ ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರನ್ನು ಕಾಣಲೇಬೇಕು. ಮರಿಗೆ ರೇಬೀಸ್ ಲಸಿಕೆ ಸಿಗುವುದೇ ಸಾಮಾನ್ಯವಾಗಿ ಮೂರು ತಿಂಗಳಿಗೆ.