ಹಚ್ಚೆಯನ್ನು ಕಲೆ ಅಂತ ಒರೆಸಿದ ದಿನ: ಬ್ರಶ್ ಮತ್ತು ಬ್ಲೆಂಡಿಂಗ್ ಮೋಡ್

ಇವತ್ತಿನ ಮಾತು ಫೋಟೋ ಎಡಿಟಿಂಗ್ ಬಗ್ಗೆ. ಬ್ರಶ್ ಹೇಗೆ ಬಳಸಬೇಕು, ಬ್ಲೆಂಡಿಂಗ್ ಮೋಡ್ ಅಂದ್ರೆ ಏನು ಅಂತ ನೋಡೋಣ. ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡ್ತೀನಿ.

ನಾನು ಆಳಂದದ ಒಂದು ಸ್ಟುಡಿಯೋದಲ್ಲಿ ಕೆಲಸ ಕಲೀತಿದ್ದೆ. ಅಫಜಲಪುರ ಕಡೆಯ ಹಳ್ಳಿಯಿಂದ ಹಿರಿಯರೊಬ್ಬರು ಬಂದರು. ಕೈಯಲ್ಲಿ ತೀರಿಹೋದ ತಾಯಿಯ ಕಪ್ಪು-ಬಿಳುಪು ಫೋಟೋ. "ನಮ್ಮವ್ವಂದು ಇದೊಂದೇ ಫೋಟೋ ಅದ ತಮ್ಮಾ, ದೊಡ್ಡದು ಮಾಡಿ ಕೊಡು" ಅಂದ್ರು. ಸ್ಕ್ಯಾನ್ ಮಾಡಿ ಫೋಟೋ ವಾಪಸ್ ಕೊಟ್ಟೆ. ಮುಖದ ತುಂಬ ಕಲೆಗಳಿದ್ದವು. ದೊಡ್ಡ ಮೆತ್ತನೆ ಬ್ರಶ್ ತಗೊಂಡು ಒಂದೇ ಸಮನೆ ಒರೆಸಿ, ಅದೇ ಫೈಲಿನ ಮೇಲೆ ಸೇವ್ ಮಾಡಿದೆ.

ಮುಂದಿನ ವಾರ ಪ್ರಿಂಟ್ ನೋಡಿ ಅವರು ಸುಮ್ಮನೆ ನಿಂತ್ರು. ಆಮೇಲೆ ಕೇಳಿದ್ರು: "ಹಣಿ ಮ್ಯಾಲಿನ ಹಚ್ಚಿ ಎಲ್ಲಿ ಹೋಯ್ತು?"

ನಾನು ಕಲೆ ಅಂತ ಒರೆಸಿದ್ದು ಅವರ ತಾಯಿಯ ಹಚ್ಚೆಯನ್ನು. ಫೋಟೋ ಊರಲ್ಲಿತ್ತು. ಅದನ್ನು ತರೋದಕ್ಕೆ ಅವರು ಮತ್ತೊಮ್ಮೆ ಬಸ್ ಹತ್ತಬೇಕಾಯ್ತು.

ಅವತ್ತು ಕಲಿತ ಪಾಠ: ಮೂಲ ಚಿತ್ರದ ಮೇಲೆ ಬ್ರಶ್ ಆಡಿಸಬಾರದು. ಅದರ ಮೇಲೆ ಗಾಜು ಇಟ್ಟಂತೆ ಹೊಸ ಲೇಯರ್ ಹಾಕಿ, ಅಲ್ಲಿ ಕೆಲಸ ಮಾಡಿ. ತಪ್ಪಾದ್ರೆ ಆ ಲೇಯರ್ ಅಳಿಸಿದರೆ ಸಾಕು.

ಈ ಮೇಲಿನ ಲೇಯರ್ ಕೆಳಗಿನದರ ಜೊತೆ ಹೇಗೆ ಬೆರೀಬೇಕು ಅನ್ನೋ ಲೆಕ್ಕವೇ ಬ್ಲೆಂಡಿಂಗ್ ಮೋಡ್. ಕಪ್ಪು 0, ಬಿಳಿ 1 ಅಂತ ಇಟ್ಕೊಳ್ಳಿ. ಮಲ್ಟಿಪ್ಲೈ ಎರಡನ್ನೂ ಗುಣಿಸುತ್ತೆ: 0.5 × 0.5 = 0.25. ಅಂದ್ರೆ ಚಿತ್ರ ಗಾಢವಾಗುತ್ತೆ. ಬಿಳಿ ಅಂದ್ರೆ 1 ಆಗಿರೋದರಿಂದ ಏನೂ ಬದಲಾಗಲ್ಲ. ಜೇವರ್ಗಿಯಲ್ಲಿ ಲಗ್ನಪತ್ರಿಕೆ ಮಾಡುವ ನನ್ನ ಗೆಳೆಯನಿಗೆ ಇದೇ ಆಧಾರ. ಬಿಳಿ ಹಾಳೆಯ ಗಣಪತಿ ರೇಖಾಚಿತ್ರವನ್ನು ಹಳದಿ ಕಾರ್ಡಿನ ಮೇಲಿಟ್ಟು ಮಲ್ಟಿಪ್ಲೈ ಮಾಡ್ತಾನೆ. ಹಾಳೆ ಮಾಯವಾಗಿ ಗೆರೆ ಮಾತ್ರ ಉಳಿಯುತ್ತೆ.

ಸ್ಕ್ರೀನ್ ಇದಕ್ಕೆ ಉಲ್ಟಾ. ಒಂದೇ ಗೋಡೆಗೆ ಎರಡು ಟಾರ್ಚ್ ಬಿಟ್ಟಂಗೆ ಬೆಳಕು ಏರುತ್ತೆ: 0.5 ಮತ್ತು 0.5 ಸೇರಿ 0.75. ಓವರ್‌ಲೇ ಇವೆರಡನ್ನೂ ಮಾಡುತ್ತೆ. ಕೆಳಗಿನ ಚಿತ್ರದ ಕಪ್ಪು ಭಾಗ ಇನ್ನಷ್ಟು ಕಪ್ಪು, ಬೆಳಕಿನ ಭಾಗ ಇನ್ನಷ್ಟು ಬೆಳಕು. ಕಲರ್ ಮೋಡ್ ಬಣ್ಣ ಮಾತ್ರ ಬದಲಿಸುತ್ತೆ, ನೆರಳು-ಬೆಳಕು ಮುಟ್ಟಲ್ಲ. ಹಳೆ ಫೋಟೋಗೆ ಬಣ್ಣ ತುಂಬೋದು ಹೀಗೇ.

ಇನ್ನು ಬ್ರಶ್. ನೂರಾರು ಡೌನ್‌ಲೋಡ್ ಮಾಡೋದು ಬೇಡ. ಚರ್ಮಕ್ಕೆ ಮೆತ್ತನೆಯದು, ಸೀರೆ ಅಂಚಿಗೆ ಗಟ್ಟಿಯದು, ಬಟ್ಟೆ-ಗೋಡೆಗೆ ಒರಟು. ಈ ಮೂರನ್ನು ಹೆಸರಿಟ್ಟು ಒಂದು ಗುಂಪಲ್ಲಿಡಿ. ಫೋಟೋಶಾಪ್‌ನಲ್ಲಿ ಅವನ್ನು ಎಬಿಆರ್ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿಟ್ಟರೆ ಕಂಪ್ಯೂಟರ್ ಕೆಟ್ಟರೂ ಬ್ರಶ್ ಕೈಬಿಡಲ್ಲ. ಒಪಾಸಿಟಿ ಅಂದ್ರೆ ಒಂದು ಎಳೆತದಲ್ಲಿ ಬಣ್ಣ ಎಷ್ಟು ದಟ್ಟ ಆಗಬಹುದು ಅನ್ನೋ ಮಿತಿ. ಫ್ಲೋ ಅಂದ್ರೆ ಅದು ಎಷ್ಟು ನಿಧಾನ ತುಂಬುತ್ತೆ ಅನ್ನೋದು. ಮುಖಕ್ಕೆ ನಾನು ಫ್ಲೋ 10ರ ಆಸುಪಾಸಿನಲ್ಲೇ ಇಡ್ತೀನಿ.

ಎರಡನೇ ಸಲ ಅವ್ವನ ಫೋಟೋ ಹೀಗೆ ಮಾಡಿದೆ. ಮಾಸಿದ ಚಿತ್ರದ ಪ್ರತಿಯನ್ನು ಮಲ್ಟಿಪ್ಲೈನಲ್ಲಿಟ್ಟು ಒಪಾಸಿಟಿ ತಗ್ಗಿಸಿದೆ. ಖಾಲಿ ಲೇಯರ್ ಮೇಲೆ ಸಣ್ಣ ಬ್ರಶ್‌ನಿಂದ ಒಂದೊಂದೇ ಕಲೆ ತೆಗೆದೆ, ಪ್ರತಿ ಗುರುತಿಗೂ "ಇದು ಏನ್ರಿ?" ಅಂತ ಅವರನ್ನೇ ಕೇಳ್ತಾ. ಕೊನೆಗೆ ಓವರ್‌ಲೇ ಲೇಯರ್‌ನಲ್ಲಿ ಕಪ್ಪು ಬ್ರಶ್ ಹಗುರವಾಗಿ ಆಡಿಸಿ, ಮಸುಕಾಗಿದ್ದ ಹಚ್ಚೆಯನ್ನು ಎದ್ದು ಕಾಣೋ ಹಂಗ ಮಾಡಿದೆ.

ಗಿಂಪ್, ಕ್ರಿಟಾ ಉಚಿತ. ಫೋನಿಗೆ ಐಬಿಸ್‌ಪೇಂಟ್ ಇದೆ. ಮೋಡ್‌ಗಳ ಹೆಸರು ಎಲ್ಲ ಕಡೆ ಹೆಚ್ಚುಕಡಿಮೆ ಇವೇ. ಇವತ್ತೇ ಮನೆಯ ಒಂದು ಹಳೆ ಫೋಟೋ ತಗೊಂಡು ಪ್ರಯತ್ನಿಸಿ. ಯಾವುದು ಕಲೆ, ಯಾವುದು ಗುರುತು ಅಂತ ಮಾತ್ರ ಮನೆಯ ಹಿರಿಯರನ್ನ ಕೇಳಿಕೊಂಡು ಶುರು ಮಾಡ್ರಿ.